ಲೈಬ್ರರಿ ಪೀರಿಯಡ್ಡನ್ನು ಕೊಂದ ಭಾಷಣ

ನಾನು ಓದಿಗೆ ಮರಳಿದ ಕಥೆಯನ್ನು ಚಿತ್ತಾಪುರದ ಗ್ರಂಥಾಲಯದಲ್ಲಿ ಹೀಗೆ ಹೇಳುತ್ತಾರೆ: ಸದಾ ಮೊಬೈಲಿನಲ್ಲಿ ಮುಳುಗಿರುತ್ತಿದ್ದ ಜೂನಿಯರ್ ವಕೀಲೆಯೊಬ್ಬಳು ಹನ್ನೆರಡು ಪುಸ್ತಕಗಳ ಸವಾಲಿಗೆ ಸೇರಿದಳು, ಹದಿಹರೆಯದವರಿಗೆಂದು ಬರೆದ ಕಾದಂಬರಿಯೊಂದನ್ನು ಓದಿ ಸೇಡಂ ಪ್ಯಾಸೆಂಜರಿನಲ್ಲಿ ಕಣ್ಣೀರು ಹಾಕಿದಳು, ಅವತ್ತಿನಿಂದ ಬದಲಾಗಿಬಿಟ್ಟಳು. ಗ್ರಂಥಾಲಯದ ಮೇಡಮ್ ಇದನ್ನು ಹೊಸ ಸದಸ್ಯರಿಗೆಲ್ಲ ಹೇಳುತ್ತಾರೆ. ನಾನು ಅಲ್ಲೇ ಎದುರಿಗೆ ಕುಳಿತಿದ್ದರೂ ಹೇಳುತ್ತಾರೆ.

ಇದಕ್ಕೆ ನನ್ನ ಆಕ್ಷೇಪಣೆ ಇದೆ. ನಾನು ಅತ್ತಿಲ್ಲ. ಮೊಬೈಲಿನಲ್ಲೂ ಮುಳುಗಿರಲಿಲ್ಲ, ಬೆಳಗಿನಿಂದ ಸಂಜೆಯವರೆಗೆ ಕೋರ್ಟಿನ ಕಾಗದ ಓದುವವಳಿಗೆ ಓದು ಬಿಟ್ಟವಳು ಅನ್ನುವುದು ಹೇಗೆ? ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಆ ಪ್ರೀತಿ ತಾನಾಗಿಯೇ ಎಲ್ಲೋ ಕಳೆದುಹೋಗಿತ್ತು ಎಂಬಂತೆ ಅವರು ಹೇಳುವುದು. ಕಳೆದುಹೋಗಿರಲಿಲ್ಲ. ಅದನ್ನು ಮೈಕಿನ ಮುಂದೆ, ಚಪ್ಪಾಳೆಗಳ ನಡುವೆ, ನಾನೇ ಕೊಂದಿದ್ದೆ. ಕೊಂದದ್ದಕ್ಕೆ ಸ್ಟೀಲಿನ ಡಬ್ಬಿಯೊಂದು ಬಹುಮಾನ ಬಂದಿತ್ತು. ಅವ್ವ ಇವತ್ತಿಗೂ ಅದರಲ್ಲಿ ತೊಗರಿಬೇಳೆ ಹಾಕಿಡುತ್ತಾಳೆ.

ಸವಾಲಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ಸೇಡಂನವಳು, ಚಿತ್ತಾಪುರದ ಕೋರ್ಟಿನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ. ಮಧ್ಯಾಹ್ನದ ಬಿಡುವಿನಲ್ಲಿ ಫ್ಯಾನಿನ ಗಾಳಿಗಾಗಿ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಕಳೆದ ವರ್ಷದ ಆರಂಭದಲ್ಲಿ ಮೇಡಮ್ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದರು. ಹನ್ನೆರಡು ಚೌಕ, ಒಂದೊಂದರಲ್ಲಿ ಒಂದೊಂದು ಬಗೆಯ ಪುಸ್ತಕ. ಓದಬೇಕು, ಭಾನುವಾರ ಎಲ್ಲರೆದುರು ಮೂರು ನಿಮಿಷ ಮಾತಾಡಬೇಕು, ಚೌಕಕ್ಕೆ ಬಣ್ಣ ಹಚ್ಚಬೇಕು. ಮಾತಾಡಬೇಕು ಎಂದದ್ದಕ್ಕೇ ನಾನು ಸೇರಿದ್ದು. ನಾಲ್ಕನೆಯ ಚೌಕ ನೋಡಿ ಜಗಳಕ್ಕೆ ನಿಂತೆ: ಹದಿಹರೆಯದವರಿಗಾಗಿ ಬರೆದ ಕಾದಂಬರಿ.

"ಮೇಡಮ್, ಇಪ್ಪತ್ತಾರು ವರ್ಷದಾಕಿಗಿ ಹುಡುಗರ ಪುಸ್ತಕ ಯಾಕ್ರಿ? ಇದರ ಬದಲಿ ಸಂವಿಧಾನದ ಮ್ಯಾಲ ಒಂದು ದೊಡ್ಡದು ಓದ್ತೀನಿ."

"ನೀವು ದೊಡ್ಡದು ಓದ್ತೀರಿ ಅಂತ ಊರಿಗೆಲ್ಲ ಗೊತ್ತದರಿ. ಸಣ್ಣದು ಓದ್ಲಿಕ್ಕಿ ಬರ್ತದೋ ಇಲ್ಲೋ, ಅದು ನೋಡಬೇಕಾಗೇದ."

ಸರಿ, ಆ ಪುಸ್ತಕವನ್ನೇ ಎಲ್ಲರೆದುರು ಚಿಂದಿ ಮಾಡುತ್ತೇನೆ ಎಂದುಕೊಂಡು ಒಂದನ್ನು ಎತ್ತಿಕೊಂಡೆ. ಹೊಸ ಶಾಲೆಗೆ ಸೇರಿದ ಹದಿಮೂರರ ಹುಡುಗಿಯೊಬ್ಬಳು, ತನ್ನ ತಾಯಿ ಸತ್ತುಹೋಗಿದ್ದಾಳೆಂದು ಕ್ಲಾಸಿಗೆಲ್ಲ ಹೇಳುತ್ತಾಳೆ. ತಾಯಿ ಬದುಕಿದ್ದಾಳೆ, ಮನೆ ಬಿಟ್ಟು ಹೋಗಿದ್ದಾಳೆ, ಅಷ್ಟೆ. ನಾನು ಪೆನ್ಸಿಲ್ ಹಿಡಿದು ಮೊದಲ ಅಧ್ಯಾಯ, ಕೊನೆಯ ಅಧ್ಯಾಯ, ನಡುವೆ ಒಂದೆರಡು ಓದಿ, ಐದು ಪಾಯಿಂಟ್ ಬರೆದುಕೊಂಡೆ. ಚರ್ಚಾಸ್ಪರ್ಧೆಗೆ ತಯಾರಾದವರೆಲ್ಲ ಓದುವುದು ಹೀಗೆಯೇ. ನಮಗೆ ಪುಸ್ತಕವೆಂದರೆ ಪಾಯಿಂಟ್ ತುಂಬಿದ ಚೀಲ. ಬೇಕಾದದ್ದನ್ನು ತೆಗೆದುಕೊಂಡು ಚೀಲ ಮಡಚಿ ಇಡುವುದು. ಹೈಸ್ಕೂಲಿನಿಂದ ಎಲ್‌ಎಲ್‌ಬಿವರೆಗೆ ನಾನು ಯಾವ ಪುಸ್ತಕವನ್ನೂ ಬೇರೆ ರೀತಿ ಓದಿರಲಿಲ್ಲ.

ಭಾನುವಾರ ಎದ್ದು ನಿಂತು, ಈ ಪುಸ್ತಕ ಮಕ್ಕಳಿಗೆ ಸುಳ್ಳು ಕಲಿಸುತ್ತದೆ, ಸುಳ್ಳಿಗೆ ಶಿಕ್ಷೆಯನ್ನೂ ಕೊಡುವುದಿಲ್ಲ, ಇಂಥದ್ದನ್ನು ಓದಿಸುವುದಕ್ಕಿಂತ ಸುಮ್ಮನೆ ಕೂರಿಸುವುದು ಮೇಲು ಎಂದು ಗುಡುಗಿದೆ. ವಾಡಿಯಿಂದ ಬರುವ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು "ಮಸ್ತ್ ಹೇಳಿದಿ ನೋಡವಾ" ಎಂದು ಚಪ್ಪಾಳೆ ತಟ್ಟಿದರು. ಮೇಡಮ್ ಮಾತ್ರ ಕುಳಿತಲ್ಲಿಂದಲೇ ಕೇಳಿದರು:

"ಆ ಹುಡುಗಿ ಖರೇ ಹೇಳಿದ್ದಿದ್ರ, ಮರುದಿನ ಆ ಕ್ಲಾಸಿನಾಗ ಹೆಂಗ ಕುಂದರ್ತಿದ್ದಳ್ರಿ? ಅದಕ್ಕೇನರ ಬರಕೊಂಡೀರೇನು?"

ಬರೆದುಕೊಂಡಿರಲಿಲ್ಲ. ಅದು ಇದ್ದದ್ದು ನಾನು ಓದದ ಪುಟಗಳಲ್ಲಿ.

ಸೋಲನ್ನು ನಾನು ಮನೆಗೆ ಒಯ್ಯುವುದಿಲ್ಲ. ಉತ್ತರ ಹುಡುಕಲಿಕ್ಕೆಂದೇ ಆ ವಾರ ಪುಸ್ತಕವನ್ನು ಮೊದಲಿನಿಂದ ಓದಿದೆ, ಬೆಳಗಿನ ರೈಲಿನಲ್ಲಿ, ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಹತ್ತುವ ಹೆಂಗಸರ ತರಕಾರಿ ಬುಟ್ಟಿಗಳ ನಡುವೆ. ಉತ್ತರ ಸಿಗಲಿಲ್ಲ. ಆ ಹುಡುಗಿ ಮಾತ್ರ ಸಿಕ್ಕಳು. ಅವಳ ಜೊತೆ ಎಷ್ಟು ವಾದ ಮಾಡಿದೆನೆಂದರೆ, ಎದುರಿನ ಸೀಟಿನ ಮುದುಕಿ "ಯಾರ ಸಂಗಾಟ ಜಗಳಾಡಾಕತ್ತಿ ಯವ್ವಾ, ಫೋನ್ ಕಿವಿಯಾಗ ಇಲ್ಲಲ್ಲ" ಎಂದಳು. ಇವತ್ತು ಆ ಸುಳ್ಳು ಹೇಳಬೇಡ, ನಿಮ್ಮ ಪಕ್ಕದ ಮನೆಯವಳು ಶಾಲೆಗೆ ಬಂದಿದ್ದಾಳೆ, ಸಿಕ್ಕಿಬೀಳುತ್ತೀ ಎಂದು ನಾನು ಪುಟದೊಳಗಿನ ಹುಡುಗಿಗೆ ಹೇಳುತ್ತಿದ್ದೆ. ಸುಳ್ಳು ಹೇಳುವವಳ ಪರವಾಗಿ! ಪೆನ್ಸಿಲ್ ಎಲ್ಲೋ ಸೀಟಿನ ಕೆಳಗೆ ಬಿದ್ದುಹೋಗಿತ್ತು.

ಒಂದು ಚೌಕಕ್ಕೆ ಒಂದೇ ಪುಸ್ತಕ ಸಾಕಿತ್ತು. ನಾನು ಇನ್ನೊಂದು ತಂದೆ. ಅಪ್ಪನ ಜೊತೆ ಮಾತು ಬಿಟ್ಟ ಅಣ್ಣ ತಂಗಿಯರದ್ದು. ಆಮೇಲೆ ಓಟದಲ್ಲಿ ಮೋಸ ಮಾಡಿ ಗೆದ್ದವಳದ್ದು. ಆ ಕಪಾಟು ಮುಗಿಯುವವರೆಗೂ ತಂದೆ. ಇವುಗಳಲ್ಲಿ ಏನಿದೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಈ ಪುಸ್ತಕಗಳಲ್ಲಿ ಎಲ್ಲವೂ ಮೊದಲ ಸಲ ಆಗುತ್ತದೆ. ಮೊದಲ ಸುಳ್ಳು, ಮೊದಲ ಅವಮಾನ, ಗೆಳತಿ ಮೊದಲ ಸಲ ಬೇರೆಯವರ ಪಕ್ಕದಲ್ಲಿ ಹೋಗಿ ಕೂತದ್ದು. 'ಇದೆಲ್ಲ ಸರಿಹೋಗ್ತದ' ಎಂದು ತಿಳಿದವರು ಅಲ್ಲಿ ಯಾರೂ ಇಲ್ಲ. ದೊಡ್ಡವರ ಕಾದಂಬರಿಗಳಿಗೆ ಕಾಯುವುದು ಗೊತ್ತು. ಇವಕ್ಕೆ ಗೊತ್ತಿಲ್ಲ, ಅದಕ್ಕೇ ಉಸಿರು ಬಿಗಿಹಿಡಿದು ಓದಿಸುತ್ತವೆ. ಇದನ್ನು ಬಾಲಿಶ ಎನ್ನುವವರು ತಮ್ಮ ಹದಿನಾಲ್ಕನೆಯ ವಯಸ್ಸನ್ನು ಎಲ್ಲಿ ಬಚ್ಚಿಟ್ಟಿದ್ದಾರೋ ಒಮ್ಮೆ ನೋಡಿಕೊಳ್ಳಲಿ.

ನಮ್ಮ ಹಿರಿಯ ವಕೀಲರು ಬಿಡಲಿಲ್ಲ. "ಏನವಾ, ಇವತ್ತು ಕೋರ್ಟಿಗಿ ಬರ್ತೀಯೋ, ಅಂಗನವಾಡಿಗಿ ಹೊಂಟೀಯೋ?" ಎಂದು ಕಕ್ಷಿದಾರರ ಮುಂದೆಯೇ ಕೇಳಿದರು. ಕೈಯಲ್ಲಿದ್ದ ಬಣ್ಣದ ರಕ್ಷಾಪುಟದ ಪುಸ್ತಕವನ್ನು ಬ್ಯಾಗಿನೊಳಗೆ ಇಡಬಹುದಿತ್ತು. ಕೇಸಿನ ಫೈಲಿನ ಮೇಲೆಯೇ ಇಟ್ಟೆ.

ಒಂಬತ್ತನೆಯ ಚೌಕ ಬಂದಾಗ ನಿಜವಾದ ತಕರಾರು ಶುರುವಾಯಿತು: ಹಿಂದೆ ಅರ್ಧಕ್ಕೆ ಬಿಟ್ಟ ಪುಸ್ತಕ. ನನಗೆ ಒಂದೇ ಒಂದು ನೆನಪಿತ್ತು. ಸೇಡಂನ ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ಶುಕ್ರವಾರ ಮಧ್ಯಾಹ್ನ ಲೈಬ್ರರಿ ಪೀರಿಯಡ್ ಇತ್ತು. ಲೈಬ್ರರಿ ಅಂದರೆ ತಗಡಿನ ಟ್ರಂಕು. ಇಬ್ಬರು ಹುಡುಗಿಯರು ಅದನ್ನು ಎರಡೂ ಕಡೆ ಹಿಡಿದು ತಂದು ಕ್ಲಾಸಿನ ನಡುವೆ ಇಟ್ಟರೆ, ನಾವೆಲ್ಲ ಮುಗಿಬೀಳುತ್ತಿದ್ದೆವು. ಪುಸ್ತಕ ಮನೆಗೆ ಒಯ್ಯುವಂತಿರಲಿಲ್ಲ. ಗಂಟೆ ಹೊಡೆದಾಗ ಪುಟದ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ವಾಪಸ್ ಹಾಕುತ್ತಿದ್ದೆವು. ಕಲ್ಲಿನ ಗಣಿಯ ನೀರಿನಲ್ಲಿ ಏನೋ ಬಿದ್ದದ್ದನ್ನು ಕಂಡ ಮೂವರು ಗೆಳತಿಯರ ಕಥೆಯೊಂದನ್ನು ನಾನು ಹೀಗೆ ವಾರ ವಾರ ಓದುತ್ತಿದ್ದೆ.

ಆಗಲೇ ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆ ಬಂತು. ವಿಷಯ: ಕಥೆ ಕಾದಂಬರಿಗಳ ಓದು ವಿದ್ಯಾರ್ಥಿಗಳ ಕಾಲಹರಣ. ಒಂದು ಶಾಲೆಯಿಂದ ಇಬ್ಬರು, ಪರ ಒಬ್ಬರು, ವಿರೋಧ ಒಬ್ಬರು. ನಾನು ಪರ. ಭಾಷಣವನ್ನು ಕನ್ನಡ ಸರ್ ಬರೆದುಕೊಟ್ಟರು, ನಾನು ಬಾಯಿಪಾಠ ಮಾಡಿದೆ. ಎಲ್ಲ ಶಾಲೆಗಳಲ್ಲೂ ನಡೆಯುವುದೇ ಹಾಗೆ. 'ಹದಿನಾಲ್ಕರ ವಯಸ್ಸು ಮನೆಯ ಪಾಯವಿದ್ದಂತೆ. ಪಾಯಕ್ಕೆ ಶಹಾಬಾದಿನ ಕಲ್ಲು ಹಾಕುತ್ತೀರೋ, ಗಾಳಿಪಟದ ಕಾಗದ ಹಾಕುತ್ತೀರೋ?' ಎಂದು ಕೈ ಎತ್ತಿ ಕೇಳಿದಾಗ ತೀರ್ಪುಗಾರರೇ ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ. ಆಗಿನ ಹೆಡ್‌ಮಾಸ್ತರರಿಗೆ ಎಷ್ಟು ಖುಷಿಯಾಯಿತೆಂದರೆ ಪ್ರಾರ್ಥನೆಯ ವೇಳೆ ಇಡೀ ಶಾಲೆಗೆ ನನ್ನಿಂದ ಮತ್ತೊಮ್ಮೆ ಭಾಷಣ ಮಾಡಿಸಿದರು. ಮುಗಿದ ಕೂಡಲೇ, ಇಂಥ ಮಕ್ಕಳೇ ಕಣ್ಣು ತೆರೆಸಿದ ಮೇಲೆ ಇನ್ನೇನು, ಶುಕ್ರವಾರದ ಪೀರಿಯಡ್ ಇನ್ನು ಗಣಿತಕ್ಕೆ ಎಂದು ಘೋಷಿಸಿದರು. ನನ್ನ ಅಂಗೈಯಲ್ಲಿ ಎಪ್ಪತ್ತೊಂದು ಎಂದು ಬರೆದಿತ್ತು. ಆ ಟ್ರಂಕನ್ನು ಮತ್ತೆ ಯಾರೂ ಕ್ಲಾಸಿಗೆ ತರಲಿಲ್ಲ.

ಆ ಕನ್ನಡ ಸರ್ ಈಗ ಬಡ್ತಿ ಪಡೆದು ಅದೇ ಶಾಲೆಗೆ ಹೆಡ್‌ಮಾಸ್ತರರಾಗಿ ಬಂದಿದ್ದಾರೆ. ಪರೀಕ್ಷೆಗಳು ಮುಗಿದ ವಾರ ಅವರನ್ನು ನೋಡಲು ಹೋದೆ.

"ಬರ್ರಿ ಬರ್ರಿ ವಕೀಲ್ ಸಾಬ್ರ, ಕುಂದ್ರಿ," ಎಂದು ನಕ್ಕರು. ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ, ನನ್ನ ದುಂಡು ಅಕ್ಷರದಲ್ಲಿ ನಕಲು ಮಾಡಿದ ಆ ಭಾಷಣ ತೂಗುತ್ತಿತ್ತು.

ಟ್ರಂಕು ವಿಜ್ಞಾನದ ಸಾಮಾನಿನ ಕೋಣೆಯಲ್ಲಿತ್ತು. ಪುಸ್ತಕವೂ ಅದರಲ್ಲಿತ್ತು. ಸರ್ ಒಯ್ಯಲು ಬಿಟ್ಟರು. ಎಪ್ಪತ್ತೊಂದನೇ ಪುಟದಿಂದ ಮುಗಿಸಿದೆ. ಖರೇ ಹೇಳಬೇಕೆಂದರೆ ಅಂಥ ಒಳ್ಳೆಯ ಪುಸ್ತಕವಲ್ಲ. ನೀರಿನಲ್ಲಿ ಬಿದ್ದದ್ದು ಏನೆಂದು ತಿಳಿದಾಗ ಸಿಟ್ಟೇ ಬಂತು, ಇಷ್ಟಕ್ಕಾ ಎನಿಸಿತು. ಆದರೆ ಆ ನಿರಾಶೆ ಹದಿನಾಲ್ಕನೆಯ ವಯಸ್ಸಿನಲ್ಲಿ ನನ್ನ ಪಾಲಿಗೆ ಬರಬೇಕಾದದ್ದು. ಇದಕ್ಕಿಂತ ನಾನೇ ಚಲೋ ಬರೀತಿದ್ದೆ ಎಂದು ಗೆಳತಿಯರ ಮುಂದೆ ಬಡಾಯಿ ಕೊಚ್ಚಬೇಕಿತ್ತು. ನಾನು ಅದನ್ನು ಕಸಿದುಕೊಂಡದ್ದು ನನ್ನೊಬ್ಬಳ ಕೈಯಿಂದ ಮಾತ್ರವಲ್ಲ. ನನ್ನ ನಂತರ ಆ ಕೋಣೆಯಲ್ಲಿ ಕುಳಿತು ಹೋದ ಅಷ್ಟೂ ಬ್ಯಾಚುಗಳ ಹುಡುಗಿಯರಿಂದ. ಅವರಲ್ಲಿ ಒಬ್ಬಳೂ ನನಗೆ ವೋಟು ಹಾಕಿರಲಿಲ್ಲ.

ಪುಸ್ತಕ ವಾಪಸ್ ಕೊಡುವಾಗ ಕೇಳಿದೆ: "ಸರ್, ಜೂನ್‌ದಿಂದ ಆ ಪೀರಿಯಡ್ ತಿರುಗಿ ಹಾಕ್ರಿ."

"ನಾ ಒಬ್ಬನಾ ಹಾಕ್ಲಿಕ್ಕಿ ಬರ್ತದೇನವಾ? ವೇಳಾಪಟ್ಟಿ ಮೀಟಿಂಗ್ ಅದ, ಶಾಲಾ ಸಮಿತಿಯವ್ರು ಬರ್ತಾರ. ಗಣಿತ ತೆಗದು ಕಥೀ ಪುಸ್ತಕ ಅಂದ್ರ ಅವ್ರು ನನ್ನ ಸುಮ್ನ ಬಿಡ್ತಾರೇನು?" ಎಂದವರು ಹಿಂದಕ್ಕೆ ತಿರುಗಿ ಚೌಕಟ್ಟಿನತ್ತ ಹೆಬ್ಬೆರಳು ತೋರಿಸಿದರು. "ಮತ್ತ ಇದಕ್ಕೇನಂತೀದಿ? ಇದಕ್ಕ ಮೊದಲ ಜವಾಬು ಕೊಡು. ನೀ ಬಂದು ಮೀಟಿಂಗಿನಾಗ ಮಾತಾಡು, ನಾ ಬ್ಯಾಡ ಅನ್ನಂಗಿಲ್ಲ."

ಅದರ ಫೋಟೋ ತೆಗೆದುಕೊಂಡು ಬಂದು ಮೂರು ದಿನ ಕುಳಿತೆ. ನನ್ನ ವಿರುದ್ಧ ನಾನೇ ವಾದ ಮಾಡುವುದು ಸುಲಭ ಎಂದುಕೊಂಡಿದ್ದೆ. ಆಗಲಿಲ್ಲ. ಭಾಷಣ ಅಷ್ಟು ಗಟ್ಟಿಯಾಗಿತ್ತು. ಒಂದೊಂದು ಸಾಲನ್ನು ಅಲುಗಾಡಿಸಿದರೂ ಅದೇ ಪಾಯದ ಕಲ್ಲು ಕಾಲಿಗೆ ಬಡಿಯುತ್ತಿತ್ತು. ಆಗ ಹೊಳೆಯಿತು: ಇದಕ್ಕೆ ಅವತ್ತೇ ಒಬ್ಬಳು ಉತ್ತರ ಕೊಟ್ಟಿದ್ದಳಲ್ಲ. ವಿರೋಧ ಪಕ್ಷಕ್ಕೆ ನಿಂತಿದ್ದ ನನ್ನ ಕ್ಲಾಸಿನವಳು. ಏನು ಹೇಳಿದಳೋ ನನಗೆ ಒಂದಕ್ಷರವೂ ನೆನಪಿಲ್ಲ. ಅವಳು ಮಾತಾಡುವಾಗ ನಾನು ಪಕ್ಕದಲ್ಲಿ ಕೂತು, ಆಗಷ್ಟೇ ನನಗೆ ಬಿದ್ದ ಚಪ್ಪಾಳೆಯನ್ನೇ ಮನಸ್ಸಿನಲ್ಲಿ ಮೆಲುಕು ಹಾಕುತ್ತಿದ್ದೆ. ಅವಳ ಸೋದರಮಾವ ಮೇಷ್ಟ್ರು, ಅವರೇ ಬರೆದುಕೊಟ್ಟಿರಬೇಕೆಂದು ನಾವೆಲ್ಲ ಅಂದುಕೊಂಡಿದ್ದೆವು.

ಅವಳು ಚಿಂಚೋಳಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾಳೆಂದು ತಿಳಿಯಿತು. ಫೋನ್ ಮಾಡಿದರೆ, "ಫೋನಿನಾಗ ಭಾಷಣ ಮಾಡ್ಲಿಕ್ಕಿ ನಾ ಏನು ಮಂತ್ರಿ ಇದ್ದೀನೇನು? ಬಾ ಇಲ್ಲೇ," ಎಂದಳು. ಸೇಡಂನಿಂದ ಬಸ್ಸು ಹಿಡಿದು ಹೋದೆ. ಅಂಗಡಿಯಲ್ಲಿ ಅರ್ಜಿ ಹಿಡಿದ ಜನ ತುಂಬಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಗೆದ್ದಾಕಿ ಬಂದ್ಲು ನೋಡ್ರಿ. ಡಬ್ಬಿ ತಂದೀಯೇನ್ಬೇ ನಂಗ ಕೊಡ್ಲಿಕ್ಕಿ?"

"ಡಬ್ಬ್ಯಾಗ ನಮ್ಮವ್ವ ಬ್ಯಾಳಿ ಹಾಕ್ಯಾಳ. ನಿನ್ನ ಭಾಷಣ ಇಟ್ಟೀದಿ ಏನಲೇ? ಕಾಗದ?"

"ಕಾಗದ ಯಾಕ ಬೇಕು? ಸೋತಿದ್ದು ಮರೀತದೇನು?" ಎಂದು ಮೆಷಿನಿನ ಮುಚ್ಚಳ ಎತ್ತಿ ಯಾರದೋ ಪಹಣಿ ಮಲಗಿಸಿ, ಕತ್ತು ನೆಟ್ಟಗೆ ಮಾಡಿಕೊಂಡು ಶುರು ಮಾಡಿದಳು. ಅದೇ ಹದಿನಾಲ್ಕರ ಕೀರಲು ಧ್ವನಿ. "ಮಾನ್ಯ ಅಧ್ಯಕ್ಷರೇ, ನನ್ನ ಎದುರಾಳಿ ಪಾಯದ ಮಾತಾಡುತ್ತಾಳೆ. ಪಾಯ ಎಂದರೆ ಆ ಮನೆಯಲ್ಲಿ ಇನ್ನೂ ಯಾರೂ ವಾಸವಾಗಿಲ್ಲ ಎಂದರ್ಥ. ಆದರೆ ಹದಿನಾಲ್ಕರ ಹುಡುಗಿ ನಾಳೆ ಕಟ್ಟಬೇಕಾದ ಮನೆಯಲ್ಲ. ಅವಳು ಆಗಲೇ ಒಳಗಿದ್ದಾಳೆ... ಎರಡು ಕಾಪೀನಾ ಮೂರಾ ಕಾಕಾ? ... ಒಳಗಿದ್ದಾಳೆ, ಬಾಗಿಲು ಹಾಕಿದೆ. ಅವಳಿಗೆ ಕಲ್ಲು ಕೊಡಬೇಡಿ. ಅವಳಿಗೆ ಕಿಟಕಿ ಕೊಡಿ. ಇವತ್ತೇ ಕೊಡಿ, ನಾಳೆ ಅವಳಿಗೆ ಹದಿನಾಲ್ಕು ಇರುವುದಿಲ್ಲ."

ಅರ್ಜಿ ಹಿಡಿದವರು ಕತ್ತು ಚಾಚಿ ಕೇಳುತ್ತಿದ್ದರು. ಕಾಕಾ ಮಾತ್ರ "ಮೂರು ಮಾಡವಾ" ಎಂದ.

ಮೂರು ದಿನ ನನಗೆ ಹೊಳೆಯದ ಜವಾಬು ಇದು. ಚಪ್ಪಾಳೆ ತಟ್ಟಬೇಕಾದ ಜಾಗದಲ್ಲಿ ನನ್ನ ತಲೆಯೊಳಗಿನ ವಕೀಲೆ ಎದ್ದು ಕೂತಳು.

"ತಡಿ. ನಾ ಪಾಯದ ಮಾತು ಆಡಿದ್ದು ಸ್ಟೇಜಿನ ಮ್ಯಾಲ. ನೀ ಇದನ್ನ ಬಾಯಿಪಾಠ ಮಾಡಿದ್ದು ಅದಕ್ಕಿಂತ ಮೊದಲ. ನಾ ಪಾಯ ಅಂತೀನಿ ಅಂತ ನಿನಗ್ಹೆಂಗ ಗೊತ್ತು?"

ಅವಳು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. "ಅಯ್ಯ, ನಿಂಗ ಇಷ್ಟು ದಿನ ಗೊತ್ತಾ ಇಲ್ಲೇನು? ಎರಡೂ ಸರಾ ಬರ್ದಿದ್ದು. ನಿನಗ ಊಟದ ಬಿಡುವಿನಾಗ ಹೇಳಿಕೊಡ್ತಿದ್ರು, ನನಗ ಸಾಲಿ ಬಿಟ್ಟ ಮ್ಯಾಲ. ಒಬ್ರದು ಒಬ್ರಿಗಿ ಹೇಳಬ್ಯಾಡ್ರಿ ಅಂದಿದ್ರು. ನಾ ಹೇಳ್ಲಿಲ್ಲ ನೋಡು." ಕಾಗದ ಜೋಡಿಸುತ್ತ ಹೇಳಿದಳು: "ನಂದು ಹೇಳಿಕೊಡುವಾಗ ಭಾಳ ಸಣ್ಣ ಧ್ವನಿ ಮಾಡ್ತಿದ್ರು ಸರ್. ನಿಂದು ಮಾತ್ರ ಸ್ಟಾಫ್ ರೂಮಿಗೆಲ್ಲ ಕೇಳಂಗ ಹೇಳಸ್ತಿದ್ರಂತ."

ಅವಳಿಂದ ಇಡೀ ಭಾಷಣ ಬರೆಸಿಕೊಂಡೆ. ಅವಳು ಅದಕ್ಕೆ ಎರಡು ಝೆರಾಕ್ಸ್ ತೆಗೆದು, ಒಂದನ್ನು ತನಗಿಟ್ಟುಕೊಂಡಳು.

ಮೀಟಿಂಗಿನ ದಿನ ಎಂಟು ಹತ್ತು ಜನ ಸೇರಿದ್ದರು. ಸಮಿತಿಯ ಅಧ್ಯಕ್ಷರು ಕುರಕುಂಟಾ ರಸ್ತೆಯಲ್ಲಿ ಬೇಳೆಯ ಮಿಲ್ ನಡೆಸುವವರು; ಅವರ ಮಗಳು ಈ ವರ್ಷ ಒಂಬತ್ತಕ್ಕೆ ಬಂದಿದ್ದಾಳೆ. ನಾನು ಮಾತು ಶುರು ಮಾಡುವ ಮೊದಲೇ ಅವರು ಚೌಕಟ್ಟಿನ ಕಡೆ ನೋಡಿ, "ಅದು ನಿಮ್ದಾ ಅಲ್ರೀ? ನೀವಾ ಕಲ್ಲು ಅಂದೀರಿ, ಈಗ ನೀವಾ ಕಾಗದ ಅನ್ನಾಕತ್ತೀರಿ. ವಕೀಲ್ರು ಪಾರ್ಟಿ ಬದಲಿ ಮಾಡಿದಂಗ ಆತಲ್ಲ?" ಎಂದರು. ಎಲ್ಲರೂ ನಕ್ಕರು. ಸರ್ ಕೂಡ.

"ಹೌದ್ರಿ, ಬದಲಿ ಮಾಡೀನಿ," ಎಂದೆ. "ಅವತ್ತು ಗೆದ್ದೀನಿ, ಖರೇ. ಗೆದ್ದಿದ್ದೆಲ್ಲ ಸರಿ ಇರ್ತದಂತ ಯಾರು ಹೇಳ್ಯಾರ? ನಿಮ್ಮ ಮಗಳಿಗಿ ಕೇಳೀರೇನ್ರಿ ಆಕಿ ಏನು ಓದ್ತಾಳಂತ?"

"ಆಕಿ ಮೊಬೈಲ್ ಓದ್ತಾಳ್ರಿ," ಎಂದರು ಅಧ್ಯಕ್ಷರು. ಮತ್ತೆ ನಗೆ.

ನಾನು ಚಿಂಚೋಳಿಯ ಕಾಗದ ತೆಗೆದು ಓದಿದೆ. ಯಾರು ಬರೆದದ್ದೆಂದು ಹೇಳಲಿಲ್ಲ. 'ನನ್ನ ಎದುರಾಳಿ ಪಾಯದ ಮಾತಾಡುತ್ತಾಳೆ' ಎಂಬಲ್ಲಿಗೆ ಬಂದಾಗ ಸರ್ ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲಿ ಹಿಡಿದು ಕುಳಿತರು. ಕಿಟಕಿಯ ಸಾಲಿಗೆ ಬಂದಾಗ, ಅವರ ತುಟಿ ನನಗಿಂತ ಅರ್ಧ ಪದ ಮುಂದೆ ಅಲುಗಾಡಿತು. ನಾನು ನೋಡಿದೆ. ಬೇರೆ ಯಾರೂ ನೋಡಿರಲಿಕ್ಕಿಲ್ಲ.

ಓದಿ ಮುಗಿಸಿದ ಮೇಲೆ ಯಾರೂ ಕರಗಿ ನೀರಾಗಲಿಲ್ಲ. ಒಬ್ಬ ತಾಯಿ "ಛಲೋ ಅದ, ಆದ್ರ ಗಣಿತದಾಗ ಫೇಲಾದ್ರ ಕಿಟಕಿ ತಗೊಂಡು ಏನು ಮಾಡೋದ್ರಿ?" ಎಂದರು. ನ್ಯಾಯವಾದ ಪ್ರಶ್ನೆಯೇ. ವಾರಕ್ಕೆ ಒಂದು ಪೀರಿಯಡ್ಡಿನಿಂದ ಯಾರೂ ಫೇಲಾಗುವುದಿಲ್ಲ, ಅಷ್ಟರಿಂದಲೇ ಯಾರೂ ಪಾಸಾದದ್ದೂ ಇಲ್ಲ ಎಂದೆ. ಮಾತು ಆ ಕಡೆ ಈ ಕಡೆ ಹೋಗಿ, ಚಹಾ ಬಂದು, ಕಡೆಗೆ ಅಧ್ಯಕ್ಷರು ಕೈ ಚೆಲ್ಲಿದರು: "ನಮಗೇನು ತಿಳೀತದ್ರಿ ಇದ್ರಾಗ. ಹೆಡ್‌ಮಾಸ್ತರು ನೀವು, ಕನ್ನಡ ಕಲಿಸಿದವ್ರು ನೀವು. ನೀವಾ ಹೇಳ್ರಿ. ಹಾಕ್ರಿ ಅಂದ್ರ ಹಾಕೋಣ, ಬ್ಯಾಡ ಅಂದ್ರ ಬಿಡೋಣ."

ಎಲ್ಲರೂ ಸರ್ ಕಡೆ ತಿರುಗಿದರು. ಖಾಲಿ ವೇಳಾಪಟ್ಟಿ ಅವರ ಮುಂದೆ ಇತ್ತು. ಶುಕ್ರವಾರದ ಕೊನೆಯ ಚೌಕದ ಮೇಲೆ ಪೆನ್ನು ನಿಂತಿತ್ತು.

ನಾನು ಎದ್ದು ಗೋಡೆಯಿಂದ ಚೌಕಟ್ಟನ್ನು ಇಳಿಸಿದೆ. ಇಂಥ ಧೈರ್ಯ ಎಲ್ಲಿಂದ ಬಂತೆಂದು ಕೇಳಬೇಡಿ. ಅದರೊಳಗಿನ ಅಕ್ಷರ ನನ್ನದು, ಇಳಿಸುವ ಹಕ್ಕೂ ನನ್ನದೇ. ಅದನ್ನು ಮೇಜಿನ ಮೇಲೆ ಅವರ ಎಡಗೈ ಬಳಿ ಇಟ್ಟೆ. ಚಿಂಚೋಳಿಯ ಕಾಗದವನ್ನು ಬಲಗೈ ಬಳಿ. ಬಾಗಿ, ಅವರಿಗಷ್ಟೇ ಕೇಳುವಂತೆ ಹೇಳಿದೆ:

"ಎರಡೂ ನೀವಾ ಬರ್ದಿದ್ದು, ಸರ್. ನಮ್ಮಿಬ್ಬರಿಗಿ ಹಂಚಿ ಕೊಟ್ರಿ, ನಾವು ಹೇಳಿದ್ವಿ, ಒಬ್ಬಾಕಿ ಗೆದ್ಲು, ಒಬ್ಬಾಕಿ ಸೋತ್ಲು. ಇವತ್ತು ನಿಮ್ಮ ಬದಲಿ ಮಾತಾಡ್ಲಿಕ್ಕಿ ಇಲ್ಲಿ ಯಾವ ಹುಡುಗೀನೂ ಇಲ್ರಿ. ಇದ್ರಾಗ ನಿಮ್ದು ಯಾವುದ್ರಿ?"